ವಸಂತದ ವಾರದ ಮುನ್ಸೂಚನೆಯನ್ನು ಓದುವ ಬಗೆ

ವಾರದ ಪ್ರಾದೇಶಿಕ ಹವಾಮಾನ ಮುನ್ಸೂಚನೆಯನ್ನು ವಿಶ್ಲೇಷಿಸಿ ಎಂಬ ಪ್ರಶ್ನೆ ಬಂದರೆ ಬಹಳ ಮಂದಿ ಏಳೂ ದಿನಗಳ ಅಂಕಿಗಳಿಗೆ ಒಂದೇ ತೂಕ ಕೊಟ್ಟು ಉತ್ತರ ಬರೆಯುತ್ತಾರೆ. ಅದು ಯಾವ ಋತುವಿಗೂ ಒಪ್ಪುವುದಿಲ್ಲ. ವಸಂತಕ್ಕಂತೂ ಸುತರಾಂ ಸಲ್ಲದು. ಈ ಟಿಪ್ಪಣಿ ಸಮಶೀತೋಷ್ಣ ಪ್ರದೇಶಗಳಿಗೆ ಸಂಬಂಧಿಸಿದ್ದು. ಹವಾಮಾನ ತಜ್ಞರ ಲೆಕ್ಕದಲ್ಲಿ ಅಲ್ಲಿ ವಸಂತವೆಂದರೆ ಉತ್ತರಾರ್ಧಗೋಳದಲ್ಲಿ ಮಾರ್ಚ್‌ನಿಂದ ಮೇ, ದಕ್ಷಿಣಾರ್ಧಗೋಳದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್.

ವಸಂತ ಏಕೆ ಇಷ್ಟು ಚಂಚಲ? ಉತ್ತರಾರ್ಧಗೋಳವನ್ನೇ ತೆಗೆದುಕೊಳ್ಳಿ. ಮಾರ್ಚ್ ಕೊನೆಯ ವಾರದ ಬಿಸಿಲಿಗೂ ಸೆಪ್ಟೆಂಬರ್ ಮೂರನೆಯ ವಾರದ ಬಿಸಿಲಿಗೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಮಾರ್ಚ್‌ನಲ್ಲಿ ಕಡಲು ಚಳಿಗಾಲದ ಚಳಿಯನ್ನು ಇನ್ನೂ ಬಿಟ್ಟುಕೊಟ್ಟಿರುವುದಿಲ್ಲ, ಮೇಲಿನ ವಾಯುಪದರಗಳಲ್ಲಿ ಧ್ರುವದ ಕಡೆಯ ತಣ್ಣನೆಯ ಗಾಳಿ ಇನ್ನೂ ಓಡಾಡುತ್ತಿರುತ್ತದೆ. ನೆಲ ಮಾತ್ರ ಬೇಗ ಕಾಯುತ್ತದೆ. ಕಾದ ನೆಲದಿಂದ ಮೇಲೇರುವ ಒಣ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್‌ನಂತೆ ತಣ್ಣಗಾಗುತ್ತದೆ. ಅಷ್ಟು ತಣ್ಣಗಾದ ಮೇಲೂ ಅದು ಸುತ್ತಲಿನ ಗಾಳಿಗಿಂತ ಬೆಚ್ಚಗೇ ಇದ್ದರೆ ಏರುತ್ತಲೇ ಹೋಗುತ್ತದೆ. ಹಾಗಾಗಿಯೇ ಬೆಳಿಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನ ಗುಡ್ಡೆಗುಡ್ಡೆಯಾಗಿ ಮೋಡ, ಒಮ್ಮೊಮ್ಮೆ ಆಲಿಕಲ್ಲು, ಸಂಜೆಗೆ ಮತ್ತೆ ಬಿಸಿಲು. ಇಡೀ ದಿನಕ್ಕೆ ಒಂದೇ ಚಿತ್ರ ಹಾಕುವ ಮುನ್ಸೂಚನೆ ಇದನ್ನೆಲ್ಲ ತೋರಿಸಲಾರದು. ಆ ಚಿತ್ರವನ್ನು ನಾನು ಕೊನೆಗೆ ನೋಡುತ್ತೇನೆ.

ಅಭ್ಯಾಸಕ್ಕೆ ಒಂದು ಸಾಲನ್ನು ಕಲ್ಪಿಸಿಕೊಳ್ಳೋಣ: ಬುಧವಾರ, ಗರಿಷ್ಠ 14, ರಾತ್ರಿಯ ಕನಿಷ್ಠ 3, ಮಳೆಯ ಸಾಧ್ಯತೆ ಶೇ. 40, ವಾಯವ್ಯ ಗಾಳಿ.

ಮೊದಲು ಗಾಳಿಯನ್ನು ನೋಡಿ. ವಾಯವ್ಯ ಗಾಳಿ ಎಂದರೆ ವಾಯವ್ಯದಿಂದ ಬೀಸುವುದು, ಅತ್ತ ಹೋಗುವುದಲ್ಲ. ಮಂಗಳವಾರ ನೈಋತ್ಯದಿಂದ ಬೀಸುತ್ತಿದ್ದ ಗಾಳಿ ಬುಧವಾರ ವಾಯವ್ಯಕ್ಕೆ ತಿರುಗಿದ್ದರೆ, ಉತ್ತರಾರ್ಧಗೋಳದಲ್ಲಿ ಸಾಮಾನ್ಯವಾಗಿ ಒಂದು ಕೋಲ್ಡ್ ಫ್ರಂಟ್, ಅಂದರೆ ಬೆಚ್ಚನೆಯ ಗಾಳಿಯನ್ನು ತಳ್ಳುತ್ತಾ ಬರುವ ತಣ್ಣನೆಯ ಗಾಳಿಯ ಮುಂಚೂಣಿ, ದಾಟಿಹೋಗಿದೆ ಎಂದರ್ಥ. ಅದರ ಹಿಂದೆ ಬರುವ ಮಳೆ ಹೆಚ್ಚಾಗಿ ಬಿಟ್ಟುಬಿಟ್ಟು ಬರುವ ಸುರಿಮಳೆ, ದಿನವಿಡೀ ಹಿಡಿಯುವ ಜಡಿಮಳೆಯಲ್ಲ.

ಶೇ. 40 ಎಂದರೆ ದಿನದ ಶೇ. 40 ಭಾಗ ಮಳೆ ಎಂದಲ್ಲ, ಮಳೆಯ ಪ್ರಮಾಣವೂ ಅದಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ವ್ಯಾಖ್ಯೆ ಇದು: ಆ ಪ್ರದೇಶದ ಯಾವುದೇ ಒಂದು ಸ್ಥಳದಲ್ಲಿ, ಆ ಅವಧಿಯಲ್ಲಿ, ಕನಿಷ್ಠ 0.01 ಇಂಚು, ಅಂದರೆ ಸುಮಾರು 0.25 ಮಿಲಿಮೀಟರ್ ಮಳೆ ಬೀಳುವ ಸಂಭವ. ಇಂಥ ಹತ್ತು ಬುಧವಾರಗಳಲ್ಲಿ ನಾಲ್ಕರಲ್ಲಿ ನೀವು ನೆನೆಯಬಹುದು. ಎಷ್ಟು ನೆನೆಯುತ್ತೀರಿ ಎಂಬುದಕ್ಕೆ ಮಿಲಿಮೀಟರ್ ಅಂಕಿಯನ್ನು ಬೇರೆಯಾಗಿ ನೋಡಬೇಕು. 1 ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು.

ಈ ಸಾಲಿನಲ್ಲಿ ನಿಜಕ್ಕೂ ಎಚ್ಚರಿಸುವ ಅಂಕಿ 3. ಸೊನ್ನೆಗಿಂತ ಮೇಲಿದೆಯಲ್ಲ, ಚಿಗುರಿಗೆ ಭಯವಿಲ್ಲ ಎಂದುಕೊಳ್ಳುವುದು ಸುಲಭ. ಆದರೆ ತಾಪಮಾಪಕ ಇರುವುದು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ಹುಲ್ಲಿನ ತುದಿ ಪೆಟ್ಟಿಗೆಯ ಗಾಳಿಗಿಂತ ಹಲವು ಡಿಗ್ರಿ ಕೆಳಗಿಳಿಯುತ್ತದೆ. ಅಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಅದೇ 3 ಡಿಗ್ರಿ ಮೋಡ ಕವಿದ ರಾತ್ರಿಯದಾದರೆ ಅಷ್ಟು ಚಿಂತೆಯಿಲ್ಲ: ಮೋಡ ನೆಲದ ಶಾಖದ ಒಂದು ಪಾಲನ್ನು ಕೆಳಕ್ಕೆ ಮರಳಿಸುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆಯ ಪದರ ಕೆಳಗಿನದರೊಂದಿಗೆ ಬೆರೆಯುತ್ತದೆ.

ಇಬ್ಬನಿ ಬಿಂದುವನ್ನೂ, ಅಂದರೆ ಗಾಳಿಯಲ್ಲಿನ ಆವಿ ನೀರಾಗತೊಡಗುವ ತಾಪಮಾನವನ್ನೂ, ಕೊಟ್ಟಿದ್ದರೆ ಕೆಲಸ ಇನ್ನಷ್ಟು ಹಗುರ. ಅದು ಕನಿಷ್ಠ ತಾಪಮಾನಕ್ಕೆ ಹತ್ತಿರವಿದ್ದರೆ ಆವಿ ಸಾಂದ್ರೀಕರಿಸುವಾಗ ಹೊರಬೀಳುವ ಶಾಖ ತಂಪಾಗುವ ವೇಗವನ್ನು ತಗ್ಗಿಸುತ್ತದೆ. ಬಹಳ ಕೆಳಗಿದ್ದರೆ ಆ ತಡೆಯಿಲ್ಲ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಇಡೀ ಪ್ರದೇಶಕ್ಕೆ ಕೊಟ್ಟ ಒಂದು ಅಂಕಿಯೊಳಗೆ ಕಣಿವೆಯ ಚಳಿಯೂ ಕರಾವಳಿಯ ತಂಪು ಮಧ್ಯಾಹ್ನವೂ ಅಡಗಿಹೋಗಿರುತ್ತವೆ.

ಇನ್ನು ದಿನಗಳ ತೂಕ. ಆರಂಭದ ಅಳತೆಯಲ್ಲಿನ ಸಣ್ಣ ವ್ಯತ್ಯಾಸ ಬೆಳೆಯುತ್ತಾ ಹೋಗಿ ಫಲಿತಾಂಶವನ್ನೇ ಬದಲಿಸಬಲ್ಲದು ಎಂದು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಝ್ 1963ರಲ್ಲಿ ತೋರಿಸಿದರು. ಈ ತೊಡಕನ್ನು ಅಳೆಯಲೆಂದೇ ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ 1992ರಿಂದ ಒಂದೇ ಮುನ್ಸೂಚನೆಯನ್ನು ತುಸು ಭಿನ್ನ ಆರಂಭಗಳಿಂದ ಹಲವು ಬಾರಿ ಓಡಿಸುತ್ತಿದೆ. ಇದೇ ಎನ್‌ಸೆಂಬಲ್ ವಿಧಾನ. ಎರಡನೆಯ ದಿನದ ಗರಿಷ್ಠ ತಾಪಮಾನ ಎಲ್ಲ ಓಟಗಳಲ್ಲೂ 13ರಿಂದ 15ರೊಳಗೆ ಇದ್ದು, ಏಳನೆಯ ದಿನದ್ದು 8ರಿಂದ 20ರವರೆಗೆ ಹರಡಿಕೊಂಡಿದೆ ಎನ್ನಿ. ಆಗ ಏಳನೆಯ ದಿನಕ್ಕೆ ಅಚ್ಚಾದ 14 ಎಂಬ ಅಂಕಿಗೆ ಹೆಚ್ಚಿನ ಅರ್ಥವಿಲ್ಲ. ವಾಡಿಕೆಯೆಂದು ಲೆಕ್ಕ ಹಿಡಿಯುವ 1991–2020ರ ಸರಾಸರಿಗಿಂತ ಬಿಸಿಯೋ ತಂಪೋ ಎಂಬ ಒಲವನ್ನಷ್ಟೇ ತೆಗೆದುಕೊಳ್ಳಿ. ಮಳೆ ಎಷ್ಟು ಗಂಟೆಗೆ ಎಂಬ ಪ್ರಶ್ನೆಯನ್ನು ಮೊದಲ ಎರಡು ದಿನಗಳಾಚೆ ಕೇಳಲೇಬೇಡಿ.

ಈ ನಿಯಮವೂ ಕೈಕೊಡುವ ಒಂದು ಸಂದರ್ಭವಿದೆ. ಬಹು ಎತ್ತರದಲ್ಲಿ ರಭಸದಿಂದ ಹರಿಯುವ ಗಾಳಿಯ ಪ್ರವಾಹವಾದ ಜೆಟ್ ಸ್ಟ್ರೀಮ್‌ನ ಮುಖ್ಯ ಹರಿವಿನಿಂದ ಒಂದು ಕಡಿಮೆ ಒತ್ತಡದ ಸುಳಿ ಕಳಚಿಕೊಂಡು ಒಂಟಿಯಾಗಿ ಉಳಿಯುತ್ತದೆ. ಇದು ಕಟ್-ಆಫ್ ಲೋ. ತಳ್ಳುವ ಗಾಳಿಯಿಲ್ಲದೆ ಅದು ಅಲ್ಲೇ ನಿಲ್ಲಬಹುದು, ಹಿಂದಕ್ಕೂ ಸರಿಯಬಹುದು. ವಸಂತದಲ್ಲಿ ಇಂಥವು ಅಪರೂಪವಲ್ಲ. ಮುನ್ಸೂಚನೆಯ ವಿವರಣೆಯಲ್ಲಿ ಆ ಹೆಸರು ಕಂಡರೆ ಮೂರನೆಯ ದಿನವನ್ನೂ ಏಳನೆಯ ದಿನದಷ್ಟೇ ಅನುಮಾನದಿಂದ ಓದಿ, ಪ್ರತಿದಿನದ ಹೊಸ ಮುನ್ಸೂಚನೆಯನ್ನು ಹಿಂದಿನ ದಿನದ್ದರ ಪಕ್ಕದಲ್ಲಿಟ್ಟು ಸುಳಿ ಎತ್ತ ಸರಿದಿದೆ ಎಂದು ನೋಡಿ.