ಮೊಣಕಾಲ ಕೆಳಗೆ ನಾಲ್ಕು ಬೆರಳು

ವಿಜಯಪುರದಲ್ಲಿ ಅವ್ವನನ್ನು ಅಕ್ಯುಪಂಕ್ಚರ್‌ಗೆ ಕರೆದುಕೊಂಡು ಹೋದಾಗ ಚಿಕಿತ್ಸಕರು ಮೊದಲು ಸೂಜಿ ತೆಗೆಯಲಿಲ್ಲ. ಅವ್ವನ ಕೈಯ ನಾಲ್ಕು ಬೆರಳನ್ನೇ ಜೋಡಿಸಿ ಮೊಣಕಾಲ ಚಿಪ್ಪಿನ ಕೆಳಗೆ ಇಟ್ಟು ಅಳೆದರು. ಎಲುಬಿನ ಹೊರಬದಿಯ ಒಂದು ಜಾಗದಲ್ಲಿ ತೆಳ್ಳನೆಯ ಸೂಜಿ ಇಳಿಯಿತು. ನೆಲದ ಮೇಲೆ ಕೂತು ರೊಟ್ಟಿ ಬಡಿದು ಬಡಿದು ಸವೆದ ಮೊಣಕಾಲು ಅವು.

‘ಚುಚ್ಚಿದ್ದು ಗೊತ್ತಾಗ್ಲಿಲ್ಲ. ಒಳಗ ಏನೋ ಭಾರ ಎಳದಂಗಾತು’ ಎಂದಳು ಅವ್ವ.

ಆ ಭಾರವನ್ನು ಚೀನಿಯರು ‘ದೆ ಚಿ’ ಎನ್ನುತ್ತಾರೆ. ಚಿ ಸಿಕ್ಕಿತು ಎಂದು ಅರ್ಥ. ಚಿ ಅಂದರೆ ಮೈಯೊಳಗೆ ಹರಿಯುವ ಜೀವಶಕ್ತಿ. ಸುಮಾರು 2 ಸಾವಿರ ವರ್ಷ ಹಳೆಯದಾದ ಚೀನಾದ ವೈದ್ಯ ಗ್ರಂಥ ‘ಹುವಾಂಗ್‌ದಿ ನೇಯ್‌ಜಿಂಗ್’ ಮೈಯ 12 ಮುಖ್ಯ ನಾಡಿಗಳನ್ನು ಅಲ್ಲಿನ 12 ನದಿಗಳಿಗೆ ಹೋಲಿಸುತ್ತದೆ. ಆಲಮಟ್ಟಿ ಕಾಲುವೆ ಕಂಡ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ಹೋಗುವುದಿಲ್ಲ, ಅಲ್ವಾ? ಹಾಗೆ ಚಿ ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ನೋವು ಎನ್ನುವುದು ಹಳೆಯ ಲೆಕ್ಕ. ಸೂಜಿ ಆ ತಡೆ ಬಿಡಿಸುತ್ತದೆ ಎಂಬುದೂ ಅದೇ ಲೆಕ್ಕ. ಅವ್ವನಿಗೆ ಚುಚ್ಚಿದ ಬಿಂದುವಿನ ಹೆಸರು ‘ಜುಸಾನ್‌ಲಿ’, ಕಾಲಿನ ಮೂರು ಲಿ. ಲಿ ಅಂದರೆ ಸುಮಾರು ಅರ್ಧ ಕಿಲೋಮೀಟರ್. ಅಲ್ಲಿ ಚುಚ್ಚಿದರೆ ದಣಿದವನೂ ಇನ್ನೂ ಮೂರು ಲಿ ನಡೆಯುತ್ತಾನೆ ಎಂದು ಜನ ಹೇಳುತ್ತಾರೆ.

ಈ ವಿದ್ಯೆ ಚೀನಾದಲ್ಲೇ ಏಕಪ್ರಕಾರವಾಗಿ ಬಾಳಿಲ್ಲ. 1822ರಲ್ಲಿ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಲ್ಲಿ ಇದನ್ನು ನಿಲ್ಲಿಸಿದ್ದ. ಮತ್ತೆ ಎತ್ತಿ ಹಿಡಿದದ್ದು 1950ರ ದಶಕದ ಮಾವೋ ಸರ್ಕಾರ. ಹಳ್ಳಿಹಳ್ಳಿಗೆ ಕಳಿಸುವಷ್ಟು ಡಾಕ್ಟರುಗಳು ಅದರ ಬಳಿ ಇರಲಿಲ್ಲ.

ಭಾರತಕ್ಕೆ ಬಂದ ದಾರಿ ನಮ್ಮ ಪಕ್ಕದಲ್ಲೇ ಹಾದುಹೋಗುತ್ತದೆ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಭಾರತದಿಂದ ಐವರು ಡಾಕ್ಟರುಗಳು ಹೋದರು. ಅವರಲ್ಲಿ ಒಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೊಟ್ನೀಸ್. ಅವರು ಗಾಯಾಳುಗಳಿಗೆ ಆಪರೇಷನ್ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು ಕೋಲ್ಕತ್ತಕ್ಕೆ ತಂದರು. ಯುದ್ಧದಲ್ಲಿ ಮಾಡಿದ ಸೇವೆಯ ಋಣ ಹೀಗೂ ತಿರುಗಿ ಬಂತು ಎಂದು ನನಗೆ ಅನ್ನಿಸುತ್ತದೆ.

ಅಮೆರಿಕಕ್ಕೆ ಇದರ ಸುದ್ದಿ ಹಬ್ಬಿದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಸೂಜಿ ಚುಚ್ಚಿಯೇ ಹೊಟ್ಟೆ ಕೊಯ್ದರು ಎಂಬ ಮಾತು ಈಗಲೂ ಓಡಾಡುತ್ತದೆ, ಅದು ತಪ್ಪು. ಆಪರೇಷನ್‌ಗೆ ಮಾಮೂಲಿ ಅರಿವಳಿಕೆಯನ್ನೇ ಕೊಟ್ಟಿದ್ದರು. ಆಮೇಲಿನ ಹೊಟ್ಟೆಯುಬ್ಬರಕ್ಕೆ ಬಲ ಮೊಣಕೈ ಮತ್ತು ಮೊಣಕಾಲ ಕೆಳಗೆ ಸೂಜಿ ಹಾಕಿದರು.

ಆಮೇಲೆ ಪ್ರಯೋಗಾಲಯಗಳು ಕೆಲಸ ಶುರುಮಾಡಿದವು. ಸೂಜಿ ನರಗಳನ್ನು ಎಚ್ಚರಿಸುತ್ತದೆ, ಮಿದುಳು ಎಂಡಾರ್ಫಿನ್ ಬಿಡುತ್ತದೆ. ಅದು ಮೈ ತಾನೇ ತಯಾರಿಸುವ ನೋವು ನಿವಾರಕ. ಎಂಡಾರ್ಫಿನ್ ತಡೆಯುವ ನಾಲೋಕ್ಸೋನ್ ಕೊಟ್ಟಾಗ ಸೂಜಿಯಿಂದ ಸಿಕ್ಕ ಆರಾಮ ಇಳಿಯಿತು ಎಂದು 1977ರಲ್ಲಿ ಹಲ್ಲಿನ ನೋವಿನ ಪ್ರಯೋಗವೊಂದು ತೋರಿಸಿತು. 2021ರಲ್ಲಿ ಹಾರ್ವರ್ಡ್ ತಂಡವೊಂದು ಇಲಿಗಳ ಹಿಂಗಾಲಿನ ಅದೇ ಜುಸಾನ್‌ಲಿ ಜಾಗಕ್ಕೆ ಸೂಜಿಯಿಂದ ಸಣ್ಣ ವಿದ್ಯುತ್ ಹರಿಸಿತು. ಅಲ್ಲಿ ಒಳಗಿರುವ ಒಂದು ಬಗೆಯ ನರಗಳ ಮೂಲಕ ಉರಿಯೂತ ತಗ್ಗಿತು. ಹೊಟ್ಟೆಯ ಮೇಲೆ ಅಷ್ಟೇ ವಿದ್ಯುತ್ ಹರಿಸಿದರೆ ತಗ್ಗಲಿಲ್ಲ.

ಆದರೆ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಜರ್ಮನಿಯ ಸೊಂಟನೋವಿನ ಅಧ್ಯಯನ. 2007ರಲ್ಲಿ ಪ್ರಕಟವಾದ ಅದರಲ್ಲಿ 1162 ಜನರಿದ್ದರು. ಸರಿಯಾದ ಬಿಂದುವಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಜನಕ್ಕೆ ಗುಣ ಕಂಡಿತು. ಬಿಂದುವಲ್ಲದ ಕಡೆ ಸುಮ್ನೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4 ಮಾತ್ರ. ಅಂದರೆ ಹಳೆಯ ನಕ್ಷೆ ಹೇಳುವಷ್ಟು ಕರಾರುವಾಕ್ಕಾಗಿ ಬಿಂದು ಹಿಡಿಯಬೇಕಿಲ್ಲವೇನೋ. ಸೂಜಿಯ ಸ್ಪರ್ಶ, ಅರ್ಧ ಗಂಟೆಯ ವಿಶ್ರಾಂತಿ, ಗುಣವಾಗುತ್ತದೆಂಬ ನಂಬಿಕೆ, ಮೂರೂ ಕೂಡಿ ಕೆಲಸ ಮಾಡುತ್ತಿವೆ ಎಂಬುದು ನನ್ನ ಅನಿಸಿಕೆ. ನೋವು ಇಳಿದದ್ದು ಮಾತ್ರ ಸುಳ್ಳಲ್ಲ.

ಸವೆದ ಕೀಲನ್ನು ಸೂಜಿ ಮತ್ತೆ ಬೆಳೆಸುವುದಿಲ್ಲ. ಇದನ್ನು ಅವ್ವನಿಗೆ ಮೊದಲೇ ಹೇಳಿದ್ದೆ. ಪ್ರತಿ ಸಲ ಸೂಜಿಯ ಹೊಸ ಪ್ಯಾಕೆಟ್ ಕಣ್ಣೆದುರೇ ಒಡೆಯುವುದನ್ನು ನೋಡುತ್ತೇನೆ. ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಅವ್ವ ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ಕಡಿಮೆಯಾಗಿದೆ. ರೊಟ್ಟಿ ಮಾತ್ರ ನಿಂತುಕೊಂಡೇ ಅಡುಗೆ ಕಟ್ಟೆಯ ಮೇಲೆ ಬಡಿಯುತ್ತಾಳೆ.