ಚಹಾ ಬಿಸಿಯಾಗಿರಲು ಮಗ್ ವಾರ್ಮರ್ ಕೊಳ್ಳಬೇಕಾ?

ಪ್ರಶ್ನೆ: ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹನ್ನೊಂದು ಗಂಟೆಗೆ ಚಹಾ ಬರುತ್ತದೆ. ಎರಡು ಗುಟುಕು ಕುಡಿಯುವಷ್ಟರಲ್ಲಿ ಫೋನ್ ಬರುತ್ತದೆ, ಇಲ್ಲವೇ ಯಾರಾದರೂ ಬಿಲ್ ಹಿಡಿದುಕೊಂಡು ಬರುತ್ತಾರೆ. ವಾಪಸ್ ಕಪ್ ಎತ್ತಿದರೆ ಚಹಾ ತಣ್ಣಗಾಗಿರುತ್ತದೆ. ಆನ್‌ಲೈನ್‌ನಲ್ಲಿ ಮಗ್ ವಾರ್ಮರ್ ಇದೆ, ಬ್ಯಾಟರಿ ಇರುವ ಬಿಸಿ ಮಗ್ ಕೂಡ ಇದೆ. ಯಾವುದನ್ನು ತಗೊಳ್ಳಲಿ?

ಉತ್ತರ: ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ದುಡ್ಡು ಹಾಕುವ ಮುಂಚೆ ಒಂದು ದಿನ ಗಡಿಯಾರ ನೋಡಿ. ಒಂದು ಕಪ್ ಮುಗಿಸಲು ನಿಮಗೆ ಎಷ್ಟು ಹೊತ್ತು ಬೇಕು? ಹದಿನೈದು-ಇಪ್ಪತ್ತು ನಿಮಿಷವಾದರೆ ಒಂದು ಮುಚ್ಚಳ ಸಾಕು. ಮುಕ್ಕಾಲು ಗಂಟೆ, ಒಂದು ಗಂಟೆ ಆಗುತ್ತದೆ ಅನ್ನುವವರು ಮಾತ್ರ ಮುಂದಿನದ್ದನ್ನು ಯೋಚಿಸಬೇಕು.

ಬಳ್ಳಾರಿಯ ಬೇಸಿಗೆಯಲ್ಲಿ, ಹೊರಗೆ 40 ಡಿಗ್ರಿ ಇರುವಾಗಲೂ ಚಹಾ ಯಾಕೆ ಇಷ್ಟು ಬೇಗ ತಣ್ಣಗಾಗುತ್ತದೆ? ಮುಖ್ಯ ಕಾರಣ ಹಬೆ. ಒಂದು ಗ್ರಾಂ ನೀರು ಆವಿಯಾಗಿ ಹೋಗುವಾಗ ಸುಮಾರು 560 ಕ್ಯಾಲೊರಿ ಶಾಖವನ್ನು ಜೊತೆಗೆ ಒಯ್ಯುತ್ತದೆ. 150 ಮಿಲಿ ಚಹಾ ಇದ್ದರೆ, ಆ ಒಂದೇ ಗ್ರಾಮಿಗೆ ಇಡೀ ಕಪ್ ಮೂರೂವರೆ ಡಿಗ್ರಿಗಿಂತ ಜಾಸ್ತಿ ಇಳಿಯುತ್ತದೆ. ನಮ್ಮ ಕಡೆ ಗಾಳಿ ಒಣ ಗಾಳಿ, ತಲೆ ಮೇಲೆ ಫ್ಯಾನ್ ಬೇರೆ. ಹಬೆ ಕಪ್ಪಿನ ಮೇಲೆ ನಿಲ್ಲುವುದೇ ಇಲ್ಲ. ಬಿಸಿ ಚಹಾವನ್ನು ಬಸಿಗೆ ಸುರಿದು ಆರಿಸಿ ಕುಡಿಯುತ್ತೇವಲ್ಲ, ಅದೂ ಇದೇ ಲೆಕ್ಕ. ಅದೇ ಬಸಿಯನ್ನು ಕಪ್ಪಿನ ಮೇಲೆ ಬೋರಲು ಹಾಕಿ ನೋಡಿ. ಹಬೆ ಒಳಗೇ ಉಳಿಯುತ್ತದೆ, ಚಹಾ ಎಷ್ಟೋ ಹೊತ್ತು ಬಿಸಿಯಾಗಿರುತ್ತದೆ. ನಿಮ್ಮ ಘಟಕದಲ್ಲಿ ಹಾರಾಡುವ ನೂಲಿನ ಎಳೆ, ಧೂಳು ಕೂಡ ಬೀಳುವುದಿಲ್ಲ.

ಈಗ ಮಗ್ ವಾರ್ಮರ್. ಇದು ಮೇಜಿನ ಮೇಲೆ ಇಡುವ ಸಣ್ಣ ಬಿಸಿ ತಟ್ಟೆ. ಇದು ಚಹಾ ಕಾಸುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ಕೊಳ್ಳುವಾಗ ಮೊದಲು ವಾಟ್ ನೋಡಿ. 150 ಮಿಲಿ ಚಹಾ ನಿಮಿಷಕ್ಕೆ ಒಂದು ಡಿಗ್ರಿ ಇಳಿಯುತ್ತಿದ್ದರೆ ಅದು ಸುಮಾರು 10 ವಾಟ್ ಶಾಖ ಕಳೆದುಕೊಳ್ಳುತ್ತಿದೆ ಎಂದರ್ಥ. ಫ್ಯಾನ್ ಕೆಳಗೆ ಇನ್ನೂ ಜಾಸ್ತಿ. ನಾನು ಮೊದಲು ಕೊಂಡಿದ್ದು ಕಂಪ್ಯೂಟರಿಗೆ ಚುಚ್ಚುವ ಯುಎಸ್‌ಬಿ ತಟ್ಟೆ. ಹಳೆ ಯುಎಸ್‌ಬಿ ಕಿಂಡಿಯಲ್ಲಿ ಸಿಗುವುದು ಹೆಚ್ಚೆಂದರೆ ಎರಡೂವರೆ ವಾಟ್. ತಟ್ಟೆ ಮುಟ್ಟಿದರೆ ಬೆಚ್ಚಗಿತ್ತು, ಚಹಾ ಮಾತ್ರ ತಣ್ಣಗಾಗುತ್ತಲೇ ಇತ್ತು. ಆ ದುಡ್ಡು ದಂಡವಾಯಿತು. ಗೋಡೆಯ ಪ್ಲಗ್ಗಿಗೆ ಹಾಕುವ, 20 ವಾಟ್ ಆಸುಪಾಸಿನದ್ದನ್ನು ತಗೊಳ್ಳಿ. ಕರೆಂಟ್ ಬಿಲ್ಲಿನ ಚಿಂತೆ ಬೇಡ: 20 ವಾಟಿನ ತಟ್ಟೆ ಐದು ಗಂಟೆ ಉರಿದರೂ ಯುನಿಟ್ಟಿನ ಹತ್ತನೇ ಒಂದು ಭಾಗ.

ಇನ್ನೊಂದು ವಿಷಯ ಜಾಹೀರಾತಿನಲ್ಲಿ ಹೇಳುವುದಿಲ್ಲ. ತಟ್ಟೆಯ ಶಾಖ ಚಹಾಕ್ಕೆ ತಲುಪುವುದು ಕಪ್ಪಿನ ತಳದಿಂದ. ಪಿಂಗಾಣಿ ಕಪ್ಪುಗಳನ್ನು ತಿರುಗಿಸಿ ನೋಡಿ, ತಳದಲ್ಲಿ ಒಂದು ಉಂಗುರ ಎದ್ದಿರುತ್ತದೆ, ನಡುವೆ ಗುಳಿ. ತಟ್ಟೆಗೆ ತಾಗುವುದು ಆ ಉಂಗುರ ಮಾತ್ರ. ಪರೀಕ್ಷೆ ಸುಲಭ. ಕಪ್ಪಿನ ತಳ ಒದ್ದೆ ಮಾಡಿ ಹಳೆ ಪೇಪರಿನ ಮೇಲೆ ಒತ್ತಿ ಎತ್ತಿ. ಬರೀ ಬಳೆಯಂಥ ಗುರುತು ಬಿದ್ದರೆ ಆ ಕಪ್ ಇದಕ್ಕೆ ಆಗುವುದಿಲ್ಲ. ರೊಟ್ಟಿಯಂತೆ ತುಂಬು ಗುರುತು ಬಿದ್ದರೆ ಆಗುತ್ತದೆ. ತಳ ಸಮ ಇರುವ ಸ್ಟೀಲ್ ಲೋಟ ಚೆನ್ನಾಗಿ ಶಾಖ ಹಿಡಿಯುತ್ತದೆ, ಆದರೆ ಅಂಚು ತುಟಿ ಸುಡಬಹುದು, ಜೋಪಾನ. ಎರಡು ಪದರದ ಫ್ಲಾಸ್ಕ್ ಮಗ್ ಅನ್ನು ತಟ್ಟೆ ಮೇಲೆ ಇಡುವುದು ಸುಮ್ನೆ ವ್ಯರ್ಥ. ಒಳಗಿನ ಬಿಸಿ ಹೊರಗೆ ಬಿಡದ ಮಗ್ ಹೊರಗಿನ ಬಿಸಿಯನ್ನೂ ಒಳಗೆ ಬಿಡುವುದಿಲ್ಲ ಅಲ್ವಾ?

ಬ್ಯಾಟರಿ ಇರುವ ಬಿಸಿ ಮಗ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಷ್ಟು ಡಿಗ್ರಿ ಬೇಕೋ ಅಷ್ಟರಲ್ಲೇ ನಿಲ್ಲಿಸುತ್ತದೆ, ಕರೆಂಟ್ ಹೋದರೂ ಒಂದು ಗಂಟೆಯಷ್ಟು ನಡೆಯುತ್ತದೆ. ಆದರೆ ಬೆಲೆ ತಟ್ಟೆಗಿಂತ ಎಷ್ಟೋ ಪಟ್ಟು. ಒಳಗಿರುವುದು ಲಿಥಿಯಂ ಬ್ಯಾಟರಿ. ಅದಕ್ಕೆ ಸೆಕೆ ಆಗದು. ಏಪ್ರಿಲ್-ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲೋ ಬಿಸಿಲಲ್ಲಿ ನಿಂತ ಕಾರಿನಲ್ಲೋ ಇಟ್ಟರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ನಮ್ಮ ಊರಿಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯ.

ಹಾಲಿನ ಚಹಾದ ವಿಚಾರ ಬೇರೆಯೇ. ಮಗ್ ವಾರ್ಮರ್ ಹೊಂದುವುದು ಕಪ್ಪು ಕಾಫಿ, ಹಾಲಿಲ್ಲದ ಚಹಾ, ಬಿಸಿ ನೀರಿಗೆ. ನಮ್ಮ ಗಟ್ಟಿ ಚಹಾವನ್ನು ಅರ್ಧ ಗಂಟೆ ತಟ್ಟೆ ಮೇಲೆ ಇಟ್ಟರೆ ಕೆನೆ ಕಟ್ಟುತ್ತದೆ, ನೀರು ಆರಿ ಇನ್ನೂ ಗಟ್ಟಿಯಾಗುತ್ತದೆ, ಕಾಸಿ ಕಾಸಿ ಇಟ್ಟ ಚಹಾದ ರುಚಿ ಬರುತ್ತದೆ. ಅದಕ್ಕಿಂತ ಮುಖ್ಯ, ಹಾಲು ಹಾಕಿದ್ದು 60 ಡಿಗ್ರಿಗಿಂತ ಕೆಳಗೆ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬೆಳಗಿನ ಚಹಾವನ್ನು ಮಧ್ಯಾಹ್ನದ ತನಕ ತಟ್ಟೆ ಮೇಲೆ ಬಿಡಬೇಡಿ. ಹಾಗಂತ ಸುಡುಸುಡು ಕುಡಿಯುವುದೂ ಒಳ್ಳೆಯದಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ.

ನಿಮ್ಮ ಜಾಗದ ಬಗ್ಗೆ ನನಗೆ ಒಂದು ಭಯ ಇದೆ. ಹೊಲಿಗೆ ಘಟಕ ಎಂದರೆ ಸುತ್ತ ಬಟ್ಟೆ ತುಂಡು, ನೂಲು, ಬಿಲ್ಲಿನ ಕಾಗದ. ಅಲ್ಲಿ ಮರೆತು ಹೋದ ಬಿಸಿ ತಟ್ಟೆ ಬೇಡವೇ ಬೇಡ. ತಗೊಳ್ಳಲೇಬೇಕು ಎಂದಾದರೆ ಕಪ್ ಎತ್ತಿದ ಕೂಡಲೇ ಆರುವ, ಕೆಲವು ಗಂಟೆಗಳ ನಂತರ ತಾನೇ ನಿಲ್ಲುವ ತಟ್ಟೆಯನ್ನೇ ಆರಿಸಿ. ವೈರು ದಪ್ಪಗಿರಲಿ.

ನಿಮಗೆ ನಾನು ಹೇಳುವುದು, ಮುಚ್ಚಳ ಇರುವ ಎರಡು ಪದರದ ಸ್ಟೀಲ್ ಫ್ಲಾಸ್ಕ್ ಮಗ್. 1892ರಲ್ಲಿ ಜೇಮ್ಸ್ ದಿವಾರ್ ಎಂಬ ವಿಜ್ಞಾನಿ ಮಾಡಿದ ನಿರ್ವಾತ ಫ್ಲಾಸ್ಕಿನ ತತ್ವವೇ ಇದರಲ್ಲೂ ಇದೆ. ಕರೆಂಟ್ ಬೇಡ, ಬೆಂಕಿಯ ಭಯ ಇಲ್ಲ. 300 ಮಿಲಿಯದ್ದು ಸಾಕು. ದೊಡ್ಡ ಮಗ್ಗಿನಲ್ಲಿ ಅರ್ಧ ಕಪ್ ಚಹಾ ಹಾಕಿದರೆ ಬೇಗ ಆರುತ್ತದೆ. ಮೊದಲು ಬಿಸಿ ನೀರು ಹಾಕಿ ಎರಡು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಚಹಾ ಸುರಿಯಿರಿ. ಸಂಜೆ ಮನೆಗೆ ಹೋದ ಕೂಡಲೇ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯಿರಿ. ಹಾಲಿನ ಜಿಡ್ಡು ಕೂರುವುದು ಅಲ್ಲೇ. ಎರಡು ದಿನ ಬಿಟ್ಟರೆ ಆ ವಾಸನೆ ಸೀಗೆಪುಡಿಗೂ ಹೋಗುವುದಿಲ್ಲ.