ಕಂಪಾಸು: ಡಬ್ಬಿಯೋ, ಕೈವಾರವೋ, ದಿಕ್ಸೂಚಿಯೋ?

ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು "ಕಂಪಾಸ್ ತೆಗೀರ್ರೋ" ಅಂದರೆ ನಾವು ಚೀಲದಿಂದ ತೆಗೆಯುತ್ತಿದ್ದದ್ದು ಒಂದು ತಗಡಿನ ಡಬ್ಬಿ. ಅದರೊಳಗೆ ಅಳತೆಪಟ್ಟಿ, ಎರಡು ಮೂಲೆಮಟ್ಟ, 'ಡಿ' ಎಂದು ಕರೆಯುತ್ತಿದ್ದ ಕೋನಮಾಪಕ, ಎರಡೂ ಕಾಲು ಚೂಪಾದ ವಿಭಾಜಕ, ಮೋಟು ಪೆನ್ಸಿಲು, ರಬ್ಬರು, ಮೆಂಡರು. ಇವುಗಳ ನಡುವೆ ಅಸಲಿ ಕಂಪಾಸೂ ಒಂದು ಮಲಗಿರುತ್ತಿತ್ತು. ಆದರೆ ಪಠ್ಯಪುಸ್ತಕದಲ್ಲಿ ಅದಕ್ಕೆ ಕೈವಾರ ಎಂದು ಹೆಸರು. ಸಲಕರಣೆಯ ಹೆಸರನ್ನು ಡಬ್ಬಿ ಕಿತ್ತುಕೊಂಡಿತ್ತು. ಇದು ಸಾಲದೆಂಬಂತೆ ಭೂಗೋಳದ ಪಾಠದಲ್ಲಿ ಅದೇ ಕಂಪಾಸು ಹಡಗಿನವರಿಗೆ ಉತ್ತರ ತೋರಿಸುತ್ತ ಮತ್ತೆ ಎದುರಾಯಿತು.

ಇಂಗ್ಲಿಷಿನಲ್ಲಿ ವೃತ್ತ ಎಳೆಯುವುದಕ್ಕೂ ದಿಕ್ಕು ತೋರಿಸುವುದಕ್ಕೂ ಇದೊಂದೇ ಪದ. ಬೇರು ಲ್ಯಾಟಿನ್ನಿನ 'ಪಾಸ್ಸುಸ್', ಅಂದರೆ ಹೆಜ್ಜೆ. ಹಳೆಯ ಫ್ರೆಂಚಿನಲ್ಲಿ ಅದು ಅಳತೆ, ಸುತ್ತು, ವೃತ್ತ ಎಂದೆಲ್ಲ ಆಯಿತು. ಎರಡು ಕಾಲಿನ ಕೈವಾರಕ್ಕೆ ಹೆಜ್ಜೆಯ ಹೆಸರು ಹೊಂದುತ್ತದೆ ಬಿಡಿ. ಅಯಸ್ಕಾಂತದ ಯಂತ್ರಕ್ಕೆ ಆ ಹೆಸರು ಅಂಟಿದ್ದು ಆಮೇಲೆ. ಅದರ ಗುಂಡು ಮುಖ ನೋಡಿಯೇ ಇರಬೇಕು ಎನ್ನುವವರಿದ್ದಾರೆ. ಸುತ್ತುವರಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿರುವ 'ಎನ್‌ಕಂಪಾಸ್' ಇದರದೇ ಕೂಸು. ಹಾಡುಗಾರರ ಶಾರೀರ ಎಷ್ಟು ಕೆಳಗಿಳಿದು ಎಷ್ಟು ಮೇಲೇರಬಲ್ಲದು ಎಂಬ ಹರವಿಗೂ ಅಲ್ಲಿ ಕಂಪಾಸ್ ಎನ್ನುವ ರೂಢಿಯುಂಟು.

ಕನ್ನಡ ಈ ಎರಡನ್ನೂ ಬೇರೆ ಬೇರೆ ಇಟ್ಟಿತು, ಒಳ್ಳೆಯದೇ ಆಯಿತು. ಕೈವಾರ ಪದಕ್ಕೆ ಇನ್ನೊಂದು ಹಳೆಯ ಬದುಕೂ ಇದೆ. ಹಿಂದಿನ ಕಾವ್ಯಗಳಲ್ಲಿ ಕೈವಾರ ಎಂದರೆ ಹೊಗಳಿಕೆ, ಕೈವಾರಿಸು ಎಂದರೆ ಹೊಗಳು, ಕೈವಾರಿ ಎಂದರೆ ಹೊಗಳುಭಟ. ಚಿಂತಾಮಣಿ ತಾಲ್ಲೂಕಿನವರಿಗಂತೂ ಕೈವಾರ ಅಂದೊಡನೆ ನೆನಪಾಗುವುದು ತಾತಯ್ಯನವರ ಊರು. ನಮ್ಮ ತರಗತಿಯಲ್ಲಿ ಮಾತ್ರ ಕೈವಾರದ ತಾಪತ್ರಯ ಒಂದೇ: ತಿರುಪು ಸಡಿಲವಾಗಿ ಪೆನ್ಸಿಲು ಜಾರುತ್ತಿತ್ತು. ಮುಕ್ಕಾಲು ಸುತ್ತು ಸರಿಯಾಗಿ ಬಂದ ಗೆರೆ ಕೊನೆಗೆ ಶುರುವಾದ ಜಾಗಕ್ಕೆ ಸೇರದೆ ಕೂದಲೆಳೆಯಷ್ಟು ಒಳಗೆ ಬಂದು ನಿಲ್ಲುತ್ತಿತ್ತು. ಅಳಿಸಿ ಮತ್ತೆ ಎಳೆದರೆ ಮುಳ್ಳು ಊರಿದ ಕಡೆ ಹಾಳೆಗೆ ತೂತು.

ದಿಕ್ಸೂಚಿ ನನಗೆ ಇನ್ನೂ ಇಷ್ಟದ ಪದ. ಸಂಸ್ಕೃತದ 'ಸೂಚಿ'ಗೆ ತೋರಿಸುವಂಥದ್ದು ಎಂಬ ಅರ್ಥದ ಜೊತೆಗೆ ಸೂಜಿ ಎಂಬ ಅರ್ಥವೂ ಇದೆ. ನಮ್ಮ ಸೂಜಿ ಅದರದೇ ತದ್ಭವ. ಹಾಗಾಗಿ ದಿಕ್ಸೂಚಿಯನ್ನು ದಿಕ್ಕಿನ ಸೂಜಿ ಎಂದು ಬಿಡಿಸಿದರೂ ತಪ್ಪಾಗದು. ಚೀನೀಯರ ಹೆಸರೂ ಹೀಗೇ ಇದೆ: 'ಝಿನಾನ್‌ಝೆನ್', ದಕ್ಷಿಣ ತೋರುವ ಸೂಜಿ. ಅಲ್ಲಿನ ಶೆನ್ ಕುವೊ ಎಂಬ ವಿದ್ವಾಂಸ 1088ರ ಸುಮಾರಿಗೆ ಬರೆದ ಗ್ರಂಥದಲ್ಲೇ, ಅಯಸ್ಕಾಂತಕ್ಕೆ ಉಜ್ಜಿದ ಸೂಜಿ ದಕ್ಷಿಣಕ್ಕೆ ತಿರುಗುತ್ತದೆ, ಆದರೆ ನೇರ ದಕ್ಷಿಣಕ್ಕಲ್ಲ, ಚೂರು ವಾಲಿರುತ್ತದೆ ಎಂಬ ಮಾತಿದೆ. ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂಬ ಚೆಂದದ ಹೆಸರಿದೆಯಲ್ಲ, ಅದರಲ್ಲೂ ಸೂಜಿಯೇ.

ಬೇಕಾದರೆ ಮನೆಯಲ್ಲೇ ನೋಡಬಹುದು. ಹೊಲಿಗೆ ಸೂಜಿಯನ್ನು ಅಯಸ್ಕಾಂತದ ಒಂದೇ ತುದಿಗೆ, ಒಂದೇ ಕಡೆಗೆ, ಮೂವತ್ತು ನಲವತ್ತು ಸಲ ಉಜ್ಜಿ. ಹಿಂದೆಮುಂದೆ ಉಜ್ಜಿದರೆ ಕೆಲಸ ಕೆಡುತ್ತದೆ. ಸ್ಟೀಲ್ ತಟ್ಟೆ ಬೇಡ, ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರು ಹಾಕಿ, ಒಂದು ಸಣ್ಣ ಎಲೆ ತೇಲಿಬಿಟ್ಟು, ಅದರ ಮೇಲೆ ಸೂಜಿ ಮಲಗಿಸಿ. ಎಲೆ ಸೋಮಾರಿಯ ಹಾಗೆ ನಿಧಾನಕ್ಕೆ ತಿರುಗಿ, ಸೂಜಿ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ. ಬೆರಳಿಂದ ತಳ್ಳಿದರೂ ಮತ್ತೆ ಅಲ್ಲಿಗೇ ಬರುತ್ತದೆ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಅದರ ಕಾಂತಧ್ರುವಕ್ಕೂ ಭೂಗೋಳದ ಧ್ರುವಕ್ಕೂ ತುಸು ದೂರವಿರುವುದರಿಂದಲೇ ಶೆನ್ ಕುವೊ ಕಂಡ ವಾಲುವಿಕೆ. ನಮ್ಮ ಕಡೆ ಅದು ಅಷ್ಟಾಗಿ ಕಾಣದು.

ಈಗ ದಿಕ್ಸೂಚಿ ಫೋನಿನೊಳಗೇ ಕೂತಿದೆ. ಸೂಜಿಯಿಲ್ಲ, ಕಾಂತಕ್ಷೇತ್ರ ಅಳೆಯುವ ಒಂದು ಚಿಪ್ ಅಷ್ಟೆ. ಅದನ್ನು ಹೆಚ್ಚು ಬಳಸುವವರು ಚಾರಣಿಗರಲ್ಲ, ವಾಸ್ತು ನೋಡುವವರು ಎಂದು ನನ್ನ ಗುಮಾನಿ. ನಾವು ಮನೆ ಕಟ್ಟಿಸುವಾಗ ಹೀಗೊಬ್ಬರು ಬಂದು ಪಿಲ್ಲರಿನ ಕಂಬಿ ಪಕ್ಕದಲ್ಲೇ ನಿಂತು ಫೋನು ಹಿಡಿದರು. ಉತ್ತರ ಒಂದು ಕಡೆ ಬಂತು. ನಾಲ್ಕು ಹೆಜ್ಜೆ ಆಚೆ ಹೋದರೆ ಉತ್ತರ ಇನ್ನೊಂದು ಕಡೆ. ಈಶಾನ್ಯದಲ್ಲಿರಬೇಕಾದ ಸಂಪು ಅರ್ಧ ಗಂಟೆ ಸೈಟಿನ ತುಂಬ ಓಡಾಡಿತು.

ಈಶಾನ್ಯ ಎಂದಾಗ ನೆನಪಾಯಿತು. ಆಗ್ನೇಯ, ನೈಋತ್ಯ, ವಾಯವ್ಯ, ಈಶಾನ್ಯ ನಾಲ್ಕೂ ಅಗ್ನಿ, ನಿರೃತಿ, ವಾಯು, ಈಶಾನ ಎಂಬ ದಿಕ್ಪಾಲಕರ ಹೆಸರಿನಿಂದ ಬಂದವು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆಯ ಹೆಸರಿನಲ್ಲೂ ನಿರೃತಿ ಸವಾರಿ ಮಾಡುತ್ತಾನೆ. ಹಡಗಿನವರ ದಿಕ್ಸೂಚಿಯಲ್ಲಿ 32 ದಿಕ್ಕುಗಳಿದ್ದರೆ ನಮಗೆ ಎಂಟು ಸಾಕಾಗಿದ್ದವು. ಮೂಡಣ, ಪಡುವಣ, ತೆಂಕಣ, ಬಡಗಣ ಎಂಬ ಅಚ್ಚಗನ್ನಡದ ನಾಲ್ಕು ಈಗ ಹೆಚ್ಚಾಗಿ ಪದ್ಯಗಳಲ್ಲಿ ಸಿಗುತ್ತವೆ. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳಲ್ಲಿ ಮಾತ್ರ ಇನ್ನೂ ಗಟ್ಟಿಯಾಗಿವೆ.

ದಿಕ್ಸೂಚಿ ಸಭೆ ಸಮಾರಂಭಗಳಿಗೂ ಹೋಯಿತು. ಆಹ್ವಾನಪತ್ರಿಕೆಯಲ್ಲಿ 'ದಿಕ್ಸೂಚಿ ಭಾಷಣ' ಎಂದಿದ್ದರೆ ಅದು ವಿಚಾರಸಂಕಿರಣದ ಮುಖ್ಯ ಮಾತು. ದಿಕ್ಕು ತೋರುತ್ತದೋ ಇಲ್ಲವೋ, ಊಟ ತಡವಾಗುವುದಂತೂ ಖಾತ್ರಿ. ಉಪಚುನಾವಣೆ ಮುಗಿದರೆ 'ಮುಂದಿನ ಚುನಾವಣೆಗೆ ಇದು ದಿಕ್ಸೂಚಿಯೇ?' ಎಂಬ ತಲೆಬರಹ. ಇಲ್ಲಿ ದಿಕ್ಸೂಚಿಗೆ ಕೊಟ್ಟಿರುವುದು ಶಕುನದ ಕೆಲಸ. ಈಚೆಗೆ 'ನೈತಿಕ ದಿಕ್ಸೂಚಿ' ಎಂದೂ ಬರೆಯುತ್ತಾರೆ. ಇಂಗ್ಲಿಷಿನಿಂದ ಎತ್ತಿ ತಂದದ್ದು. ಮನಸ್ಸಾಕ್ಷಿ ಎಂಬ ಪದ ಇರುವಾಗ ನನಗೆ ಅದು ಬೇಕೆನಿಸಿಲ್ಲ.

ಹೋದ ಜೂನ್‌ನಲ್ಲಿ ಮಗಳಿಗೆಂದು ಪುಸ್ತಕದಂಗಡಿಗೆ ಹೋಗಿ "ಕೈವಾರ ಇದೆಯಾ?" ಎಂದು ಕೇಳಿದೆ. ಅಂಗಡಿಯ ಹುಡುಗ ನನ್ನ ಮುಖ ನೋಡಿದ, ಆಮೇಲೆ ಮಗಳ ಮುಖ ನೋಡಿದ.

"ರೌಂಡರ್ ಅಣ್ಣಾ," ಅಂದಳು ಅವಳು.

"ಓ, ರೌಂಡರಾ! ಅದೊಂದೇ ಸಾಕಾ, ಕಂಪಾಸೂ ಕೊಡ್ಲಾ?" ಎಂದು ಅವನು ಡಬ್ಬಿಗಳ ಸಾಲಿಗೆ ಕೈ ಹಾಕಿದ.